ಪದ ಪರಿಚಯ: ಒಳಮನೆ ಚಿತ್ರ

ಫ್ರೆಂಚರು ಇದನ್ನು 'ಸೆನ್ ದಾಂತೇರ್ಯರ್' ಎನ್ನುತ್ತಾರೆ. ಮನೆಯೊಳಗಿನ ದಿನದ ಬದುಕನ್ನು ಬರೆದ ಚಿತ್ರ ಅಂತ ಅರ್ಥ. ರಾಜರಿಲ್ಲ, ಪುರಾಣವಿಲ್ಲ, ತೊಟ್ಟಿಲು, ಟೀ ಕಪ್ಪು, ಹೊಲಿಗೆ, ಸ್ನಾನ. 17ನೇ ಶತಮಾನದ ಡಚ್ಚರೂ ಇಂಥವನ್ನು ಬರೆದವರೇ. ಆದರೆ ಇಂಪ್ರೆಷನಿಸ್ಟರ (19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಬೆಳಕನ್ನು, ಕ್ಷಣದ ನೋಟವನ್ನು ಹಿಡಿಯಹೊರಟ ಚಿತ್ರಕಾರರ) ಕಾಲಕ್ಕೆ ಬಂದರೆ, ಇದನ್ನು ಬರೆದವರು ಯಾರು ಅನ್ನೋದೂ ಪದದ ಅರ್ಥದೊಳಗೆ ಸೇರಿಕೊಳ್ಳುತ್ತದೆ.

ಈ ಗುಂಪಿನ ಗಂಡಸರಾದ ಮೊನೆ, ದೆಗಾನಂಥವರಿಗೆ ರೈಲು ನಿಲ್ದಾಣ, ಕೆಫೆ, ರಂಗಮಂದಿರದ ಹಿಂಬದಿ ಎಲ್ಲವೂ ತೆರೆದಿತ್ತು. ಅದೇ ಗುಂಪಿನ ಚಿತ್ರಕಾರ್ತಿ ಬರ್ತ್ ಮೊರಿಸೊ (1841–1895) ಅನುಕೂಲಸ್ಥರ ಮನೆಯ ಹೆಣ್ಣು. ಒಬ್ಬಳೇ ಕೆಫೆಯಲ್ಲಿ ಕೂತರೆ ಊರೆಲ್ಲ ಮಾತು. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1897ರಲ್ಲಿ, ಆಕೆ ತೀರಿಕೊಂಡು ಎರಡು ವರ್ಷವಾದ ಮೇಲೆ. ಹಾಗಾಗಿ ಮನೆಯೇ ಸ್ಟುಡಿಯೊ, ಮನೆಯವರೇ ಮಾಡೆಲ್.

ಆಕೆಯ 'ತೊಟ್ಟಿಲು' (1872) ನೋಡಿ. ಅಕ್ಕ ಎದ್ಮಾ ಕೆನ್ನೆಗೆ ಕೈಕೊಟ್ಟು ಮಗು ಬ್ಲಾಂಶ್‌ಳನ್ನು ನೋಡುತ್ತಿದ್ದಾಳೆ. ಮಗುವಿನ ತೋಳೂ ಅಮ್ಮನ ತೋಳಿನ ಹಾಗೇ ಮಡಚಿದೆ. ನಮಗೂ ಮಗುವಿಗೂ ನಡುವೆ ತೆಳು ಪರದೆ, ಅದರ ಅಂಚು ಎದ್ಮಾಳ ಬೆರಳಲ್ಲಿ. ತಾಯ್ತನದ ಮುದ್ದು ಚಿತ್ರ ಅಂತ ಇದನ್ನು ಕ್ಯಾಲೆಂಡರಿಗೆ ಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಎದ್ಮಾ ಕೂಡ ತಂಗಿಯ ಜೊತೆಯಲ್ಲೇ ಚಿತ್ರಕಲೆ ಕಲಿತವಳು. 1869ರಲ್ಲಿ ಮದುವೆಯಾಗಿ ಕುಂಚ ಕೆಳಗಿಟ್ಟಳು. ಬರೆಯುತ್ತಿರುವ ತಂಗಿಯೆದುರು ಬರೆಯುವುದನ್ನು ಬಿಟ್ಟ ಅಕ್ಕ ಕೂತಿದ್ದಾಳೆ. 1874ರ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಚಿತ್ರ ಮಾರಾಟವಾಗಲಿಲ್ಲ. 1930ರಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಕೊಂಡಿತು, ಈಗ ಓರ್ಸೆ ಮ್ಯೂಸಿಯಂನಲ್ಲಿದೆ.

ಮೊರಿಸೊಗೆ ಮಗಳು ಜೂಲಿ ಹುಟ್ಟಿದ ಮೇಲೆ ಇನ್ನೊಂದು ಚಿತ್ರ ಬಂತು: ಸಂಬಳಕ್ಕಿದ್ದ ದಾದಿ ಆಂಜೆಲ್ ಜೂಲಿಗೆ ಹಾಲೂಡಿಸುತ್ತಿರುವುದು. ಸುತ್ತ ಹಸಿರಿದೆ, ಒಳಮನೆಯಲ್ಲ. ಆದರೂ ಇದನ್ನು ಈ ಗುಂಪಿಗೇ ಸೇರಿಸುತ್ತೇನೆ. ಮಗುವಿನ ತಾಯಿ ಈಸೆಲ್ (ಚಿತ್ರ ಬರೆಯಲು ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡು) ಹಿಂದೆ ತನ್ನ ಕೆಲಸದಲ್ಲಿದ್ದಾಳೆ, ದಾದಿ ತನ್ನ ಕೆಲಸದಲ್ಲಿ. ಒಳಮನೆ ಅಂದರೆ ಬಿಡುವಿನ ಜಾಗ ಅಂದುಕೊಂಡವರಿಗೆ ಇದೊಂದೇ ಸಾಕು.

ಅಮೆರಿಕದಿಂದ ಬಂದು ಇದೇ ಗುಂಪು ಸೇರಿದ ಚಿತ್ರಕಾರ್ತಿ ಮೇರಿ ಕಸಾಟ್ ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ. ಆದರೆ ಮಗುವನ್ನು ಎತ್ತಿಕೊಳ್ಳುವಾಗ ಕೈ ಎಲ್ಲಿ ಬಿಗಿಯುತ್ತದೆ ಅನ್ನೋದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಶಿಕಾಗೊದಲ್ಲಿರುವ 'ಮಗುವಿನ ಸ್ನಾನ'ದಲ್ಲಿ (1893) ಜಪಾನಿ ಮರದಚ್ಚಿನ ಚಿತ್ರಗಳ ಹಾಗೆ ಮೇಲಿನಿಂದ ನೋಡುತ್ತೇವೆ. ಒಂದು ಕೈ ಮಗುವಿನ ಸೊಂಟ ಬಳಸಿದೆ, ಇನ್ನೊಂದು ಬೋಗುಣಿಯಲ್ಲಿ ಪಾದ ತೊಳೆಯುತ್ತಿದೆ. ಇಬ್ಬರ ಕಣ್ಣೂ ನೀರಿನ ಮೇಲೆ. ನಮ್ಮತ್ತ ಯಾರೂ ತಲೆಯೆತ್ತುವುದಿಲ್ಲ.