ಆಗುಂಬೆ ಇಳಿಯುವ ಮುನ್ನ ಬ್ರೇಕ್ ಬಿಡುವುದನ್ನು ಕಲಿಯಿರಿ

ದಸರಾ ಮುಗಿದು ಮಳೆ ಹಿಂದೆ ಸರಿಯಿತು ಅಂದರೆ ನನ್ನ ಸೈಕಲ್ ಅಂಗಡಿಗೆ ಒಂದೇ ಥರದ ಗಿರಾಕಿಗಳು ಬರಲು ಶುರು. "ಒಬ್ಬನೇ ಘಾಟಿ ಸುತ್ತಿ ಬರ್ಬೇಕು ಅಂತಿದೀನಿ, ಸೈಕಲ್ ರೆಡಿ ಮಾಡ್ಕೊಡಿ." ರೆಡಿ ಅಂದರೆ ಏನು ಅಂತ ಕೇಳಿದರೆ ಎಲ್ಲರೂ ಹೇಳುವುದು ಹತ್ತುವ ಮಾತೇ. ಹಿಂದಿನ ಕ್ಯಾಸೆಟ್ (ಚಕ್ರದ ಗೇರ್ ಹಲ್ಲುಗಳ ಗೊಂಚಲು) ತೆಗೆದು 34 ಹಲ್ಲಿನದು ಹಾಕಿ. ಹಗುರವಾದ ಚಕ್ರ ಇದೆಯಾ? ಪೆಡಲ್ ಬದಲಿಸಬೇಕಾ? ಹದಿನೈದು ವರ್ಷದಲ್ಲಿ ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ತಾವಾಗಿ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಹತ್ತುವಾಗ ಸುಸ್ತಾದರೆ ಇಳಿದು ತಳ್ಳಬಹುದು. ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ನನ್ನ ಹತ್ತಿರ ಮುರಿದು ಬರುವ ಸೈಕಲ್, ಬ್ಯಾಂಡೇಜ್ ಕಟ್ಟಿಕೊಂಡು ಬರುವ ಮನುಷ್ಯ, ಹೆಚ್ಚಿನವರು ಇಳಿಜಾರಿನಿಂದ ಬಂದವರು.

ಜನ ಜಾಸ್ತಿ ಕೇಳುವ ಸುತ್ತು ಇದು. ಬೆಳಿಗ್ಗೆ ಶೃಂಗೇರಿಯಿಂದ ಹೊರಟು ಆಗುಂಬೆ. ಅಲ್ಲಿಂದ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಅಜೆಕಾರು, ಕಾರ್ಕಳ. ಮಧ್ಯಾಹ್ನ ಬಜಗೋಳಿ ದಾಟಿ ಮಾಳದ ಕಡೆಯಿಂದ ಮತ್ತೆ ಘಾಟಿ ಹತ್ತಿ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ). ಅಲ್ಲಿಂದ ಕೆರೆಕಟ್ಟೆ ಮೇಲೆ ಶೃಂಗೇರಿಗೆ ವಾಪಸ್. ಹತ್ತಿರ ಹತ್ತಿರ 150 ಕಿ.ಮೀ. ಒಂದು ದಿನಕ್ಕೆ ಎರಡು ಘಾಟಿ. ಅಭ್ಯಾಸ ಇರುವವರಿಗೆ ಇದು ತುಂಬ ಚೆಂದದ ದಿನ. ಒಬ್ಬರೇ ಹೋದರೆ ಇನ್ನೂ ಚೆಂದ ಅಂತ ನನಗನಿಸುತ್ತದೆ. ಬೇರೆಯವರ ವೇಗಕ್ಕೆ ಹೊಂದಿಕೊಳ್ಳಬೇಕಿಲ್ಲ, ಬೇಕಾದಲ್ಲಿ ನಿಲ್ಲಬಹುದು.

ಆದರೆ ಈ ಸುತ್ತಿನಲ್ಲಿ ಆಗುಂಬೆಯ ಇಳಿಜಾರು ಬೆಳಿಗ್ಗೆಯೇ ಬರುತ್ತದೆ. ಮಂಜು ದಟ್ಟವಾಗಿರುತ್ತದೆ. 14 ಕಡಿದಾದ ತಿರುವು. ತಿರುವಿನಲ್ಲಿ ಕೋತಿಗಳು, ಅವಕ್ಕೆ ಬಾಳೆಹಣ್ಣು ಕೊಡಲು ನಿಂತ ಕಾರುಗಳು. ಹೊಸಬರು ಅಲ್ಲಿ ಮಾಡುವ ತಪ್ಪು ಒಂದೇ. ಭಯಕ್ಕೆ ಎರಡೂ ಬ್ರೇಕನ್ನು ಸ್ವಲ್ಪ ಸ್ವಲ್ಪ ಒತ್ತಿಕೊಂಡು, ಬಿಡದೆ, ಮೇಲಿಂದ ಕೆಳಗಿನ ತನಕ ಇಳಿಯುತ್ತಾರೆ. ಆಮೇಲೆ ಬಂದು "ತುಂಬ ಹುಷಾರಾಗಿ ಇಳಿದೆ ಸರ್, ಬ್ರೇಕ್ ಬಿಡಲೇ ಇಲ್ಲ" ಅನ್ನುತ್ತಾರೆ. ಕೇಳಿದರೆ ನನಗೆ ಸಂಕಟವಾಗುತ್ತದೆ. ಎಷ್ಟು ಸಲ ಹೇಳಿದರೂ ಇದೊಂದು ವಿಷಯ ತಲೆಗೆ ಹೋಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನೀವು 70 ಕೆ.ಜಿ., ಸೈಕಲ್ಲು ಮತ್ತು ಸಾಮಾನು ಸೇರಿ 20 ಅಂತ ಇಟ್ಟುಕೊಳ್ಳಿ. ಈ 90 ಕೆ.ಜಿ. 500 ಮೀಟರ್ ಎತ್ತರದಿಂದ ಕೆಳಗೆ ಬರುವಾಗ ಹೊರಬರುವ ಶಕ್ತಿ 440 ಕಿಲೋಜೂಲ್ ಹತ್ತಿರ. ಅಷ್ಟು ಶಕ್ತಿ ಇದ್ದರೆ ಒಂದೂವರೆ ಲೀಟರಿಗೆ ಸ್ವಲ್ಪ ಕಮ್ಮಿ ತಣ್ಣೀರನ್ನು ಕುದಿಸಬಹುದು. ಇದು ಎಲ್ಲಿಗಾದರೂ ಹೋಗಲೇಬೇಕು. ಹೋಗಲು ಇರುವ ದೊಡ್ಡ ದಾರಿ ಎರಡೇ. ಒಂದು, ಎದುರಿನ ಗಾಳಿ. ಇನ್ನೊಂದು, ನಿಮ್ಮ ಬ್ರೇಕ್. ಸೈಕಲ್ ನಿಧಾನವಾಗಿದ್ದರೆ ಗಾಳಿ ತಡೆಯುವುದು ಬಹಳ ಕಮ್ಮಿ. ಆಗ ಹೆಚ್ಚುಕಮ್ಮಿ ಇಡೀ ಬಿಸಿ ಪ್ಯಾಡಿಗೆ, ಅದು ಉಜ್ಜುವ ರಿಮ್ಮಿಗೆ (ಟೈರ್ ಕೂರುವ ಬಳೆ) ಅಥವಾ ಡಿಸ್ಕಿಗೆ (ಚಕ್ರದ ನಡುವಿನ ಲೋಹದ ತಟ್ಟೆ) ಹೋಗುತ್ತದೆ. ಪ್ಯಾಡ್ ಬಿಡದೆ ತಾಗಿಕೊಂಡೇ ಇದ್ದರೆ ಆ ಬಿಸಿ ಆರಲು ಸಮಯವೇ ಸಿಗುವುದಿಲ್ಲ. ಪ್ಯಾಡಿನ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಹಿಡಿತ ಮೊದಲಿನಷ್ಟು ಇರುವುದಿಲ್ಲ. ಕಾರ್ಬನ್ ರಿಮ್ ಇದ್ದು ಅದರ ಮೇಲೇ ಬ್ರೇಕ್ ಹಿಡಿಯುವ ಸೈಕಲ್ ಆದರೆ ಇನ್ನೂ ಕಷ್ಟ. ಬಿಸಿಗೆ ರಿಮ್ಮಿನ ಪದರವೇ ಬಿಟ್ಟುಕೊಳ್ಳಬಹುದು. ಹತ್ತಲು ಹಗುರ ಅಂತ ಅಂಥ ಚಕ್ರ ಕೊಂಡು ತಂದವರಿಗೆ ನಾನು ಘಾಟಿಗೆ ಹಳೆಯ ಅಲ್ಯೂಮಿನಿಯಂ ಚಕ್ರವನ್ನೇ ಹಾಕಿಕೊಂಡು ಹೋಗಿ ಅನ್ನುತ್ತೇನೆ. ಸಿಟ್ಟಾಗುತ್ತಾರೆ. ಆಗಲಿ.

ಹಾಗಾದರೆ ಏನು ಮಾಡಬೇಕು? ತಿರುವಿಗೆ ಮುಂಚೆ, ರಸ್ತೆ ನೇರ ಇರುವಾಗಲೇ, ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ. ತಿರುವಿನೊಳಗೆ ಹೋಗುವಷ್ಟರಲ್ಲಿ ಬಿಡಿ. ತಿರುವು ದಾಟಿದ ಮೇಲೆ ಸೈಕಲ್ ತಾನಾಗಿ ಉರುಳಲಿ, ಪ್ಯಾಡಿಗೆ ಗಾಳಿ ತಾಗಲಿ. ವೇಗ ನಿಮ್ಮ ಮಿತಿ ಮುಟ್ಟುವ ಮೊದಲೇ ಮತ್ತೆ ಗಟ್ಟಿಯಾಗಿ ಒತ್ತಿ, ಮತ್ತೆ ಬಿಡಿ. ಇಷ್ಟೇ.

ಹೀಗೆ ಹೇಳಿ ಕಳಿಸಿದ್ದ ಹುಡುಗನೊಬ್ಬ ಮೊಣಕೈ ಕಿತ್ತುಕೊಂಡು ಬಂದ. "ನೀವೇ ಬ್ರೇಕ್ ಬಿಡಿ ಅಂದಿದ್ರಲ್ಲ!" ಅಂದ. ಬಿಡಿ ಅಂದರೆ ಜೋರಾಗಿ ಹೋಗಿ ಅಂತ ಅಲ್ಲಪ್ಪಾ. ವೇಗ ಎಷ್ಟಿರಬೇಕು ಅಂತ ನಿರ್ಧರಿಸುವುದು ನಿಮ್ಮ ಕಣ್ಣು. ಬ್ರೇಕನ್ನು ಹೇಗೆ ಒತ್ತಬೇಕು ಅನ್ನುವುದು ಬೇರೆ ವಿಷಯ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಇಳಿಯುವವರೂ ಒತ್ತಿ, ಬಿಟ್ಟು, ಒತ್ತಿ, ಬಿಟ್ಟೇ ಇಳಿಯಬಹುದು. ಅವತ್ತಿನಿಂದ ನಾನು ಈ ಎರಡನ್ನೂ ಬೇರೆ ಬೇರೆಯಾಗಿ ಹೇಳಿ, ಅವರ ಬಾಯಲ್ಲಿ ಒಮ್ಮೆ ವಾಪಸ್ ಹೇಳಿಸುತ್ತೇನೆ.

ಇನ್ನು ಮಂಜಿನ ವಿಷಯ. ಮಳೆ ಇಲ್ಲ, ಬರೀ ಮಂಜು ತಾನೇ ಅನ್ನುತ್ತಾರೆ. ಆಗುಂಬೆಯ ಮಂಜಿನಲ್ಲಿ ಹತ್ತು ನಿಮಿಷ ನಿಂತರೆ ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತದೆ. ನಿಮ್ಮ ರಿಮ್ಮೂ ಹಾಗೇ ಒದ್ದೆಯಾಗಿರುತ್ತದೆ. ಒದ್ದೆ ರಿಮ್ಮಿಗೆ ಬ್ರೇಕ್ ಒತ್ತಿದರೆ ಮೊದಲು ಆಗುವ ಕೆಲಸ ನೀರು ಒರೆಸುವುದು. ಹಿಡಿತ ಬರುವುದು ಆಮೇಲೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ನೀವು ಸೆಕೆಂಡಿಗೆ 8 ಮೀಟರ್ ದಾಟುತ್ತೀರಿ. ನೀರು ಒರೆಸಲು ಎರಡು ಸೆಕೆಂಡ್ ಹೋಯಿತು ಅಂದರೆ 16 ಮೀಟರ್ ಕಳೆಯಿತು. ಮಂಜಿನಲ್ಲಿ ಮುಂದೆ ಕಾಣುವುದೇ 20 ಮೀಟರ್ ಇರಬಹುದು. ಲೆಕ್ಕ ನೀವೇ ಹಾಕಿ. ಅದಕ್ಕೆ ರಿಮ್ ಬ್ರೇಕ್ ಇರುವವರು ಮಂಜಿನಲ್ಲಿ ತಿರುವಿಗೆ ಸಾಕಷ್ಟು ಮೊದಲೇ ಒಮ್ಮೆ ಮೆಲ್ಲಗೆ ತಾಗಿಸಿ ನೀರು ಒರೆಸಿಕೊಳ್ಳಬೇಕು, ಆಮೇಲೆ ಗಟ್ಟಿಯಾಗಿ ಒತ್ತಬೇಕು. ಇದು ಆ ಒಂದೆರಡು ಸೆಕೆಂಡಿನ ಕೆಲಸ. ಇಡೀ ಘಾಟಿ ತಾಗಿಸಿಕೊಂಡು ಹೋಗುವುದಕ್ಕೆ ಇದು ನೆಪ ಆಗಬಾರದು.

ಡಿಸ್ಕ್ ಬ್ರೇಕ್ ಇದ್ದವರಿಗೆ ಈ ತೊಂದರೆ ಕಮ್ಮಿ. ಆದರೆ ಅವರಿಗೆ ಬೇರೆ ತೊಂದರೆ ಇದೆ. ಮಲೆನಾಡಿನ ರಸ್ತೆಯ ಕೆಂಪು ಕೆಸರು ಪ್ಯಾಡನ್ನು ಸಾಣೆ ಹಿಡಿದ ಹಾಗೆ ತಿನ್ನುತ್ತದೆ. ಅದರಲ್ಲೂ ರೆಸಿನ್ (ರಾಳದಂಥ ಅಂಟಿನಿಂದ ಕಟ್ಟಿದ) ಪ್ಯಾಡ್ ಬೇಗ ಸವೆಯುತ್ತದೆ. ಲೋಹದ ಪುಡಿಯಿಂದ ಮಾಡಿದ್ದು ಸ್ವಲ್ಪ ಸದ್ದು ಮಾಡಿದರೂ ಜಾಸ್ತಿ ಬಾಳುತ್ತದೆ. ನಿಮ್ಮ ಡಿಸ್ಕ್ ಅದಕ್ಕೆ ಒಗ್ಗುತ್ತದಾ ಅಂತ ಮೊದಲು ನೋಡಿಸಿಕೊಳ್ಳಿ. ಎಲ್ಲ ಡಿಸ್ಕಿಗೂ ಒಗ್ಗುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನ ಮೈಮೇಲೆಯೇ. ಅಂಗಡಿ ಶುರುಮಾಡಿದ ಎರಡನೇ ವರ್ಷ, ನವೆಂಬರ್ ಬೆಳಿಗ್ಗೆ, ಇದೇ ಆಗುಂಬೆ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್, ಅರ್ಧ ಸವೆದ ಪ್ಯಾಡ್. ಹಿಂದಿನ ದಿನವಿಡೀ ಮಳೆಯಲ್ಲಿ ಓಡಿಸಿದ್ದೆ. ಒಂಬತ್ತನೆಯದೋ ಹತ್ತನೆಯದೋ ತಿರುವಿನ ಮುಂಚೆ ಲಿವರ್ ಒತ್ತಿದರೆ ಅದು ಹ್ಯಾಂಡಲ್‌ಗೇ ಬಂದು ತಾಗಿತು. ಸೈಕಲ್ ನಿಲ್ಲಲಿಲ್ಲ. ಎದುರಿಂದ ಮಿನಿ ಬಸ್ಸಿನ ಹಳದಿ ದೀಪ ಮಂಜಿನಲ್ಲಿ ತೇಲಿ ಬರುತ್ತಿತ್ತು. ಗುಡ್ಡದ ಕಡೆಯ ಚರಂಡಿಗೆ ಸೈಕಲ್ ನುಗ್ಗಿಸಿ ಬಿದ್ದೆ. ಬಸ್ಸಿನವರು ನಿಲ್ಲಿಸಿ ಇಳಿದು ಬಂದು ಎಬ್ಬಿಸಿದರು. ಕಂಡಕ್ಟರ್ ಕೊಟ್ಟ ನೀರು ಕುಡಿಯುವಾಗ ಕೈ ನಡುಗುತ್ತಿದ್ದದ್ದು ಇವತ್ತಿಗೂ ನೆನಪಿದೆ. ಕೇಬಲ್ ಬ್ರೇಕಿನಲ್ಲಿ ಪ್ಯಾಡ್ ಸವೆದಷ್ಟೂ ಲಿವರ್ ಸಡಿಲವಾಗುತ್ತಾ ಹೋಗುತ್ತದೆ. ಘಾಟಿಯ ತಲೆಯಲ್ಲಿ ನಿಂತು ಕೇಬಲ್ ಬಿಗಿ ಮಾಡುವ ಅಡ್ಜಸ್ಟರನ್ನು ಎರಡು ಸುತ್ತು ತಿರುಗಿಸಿದ್ದರೆ ಸಾಕಿತ್ತು. ಕೇಬಲ್ ಬದಲು ಎಣ್ಣೆಯಂಥ ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಆದರೆ ಸವೆತವನ್ನು ತಾನೇ ಸರಿದೂಗಿಸುತ್ತದೆ, ಹಾಗಾಗಿ ಪ್ಯಾಡ್ ಮುಗಿದದ್ದು ಕೈಗೆ ಗೊತ್ತೇ ಆಗುವುದಿಲ್ಲ. ಕಣ್ಣಿಂದಲೇ ನೋಡಬೇಕು. ಪ್ಯಾಡಿನ ಉಜ್ಜುವ ಭಾಗ ಅರ್ಧ ಮಿಲಿಮೀಟರಿಗೆ ಬಂದರೆ ಅದರ ಆಯಸ್ಸು ಮುಗಿಯಿತು ಅಂತ ಅರ್ಥ. ಘಾಟಿಗೆ ಹೋಗುವವರಿಗೆ ನಾನು 1 ಮಿಲಿಮೀಟರ್ ಇದ್ದರೂ ಬದಲಿಸುತ್ತೇನೆ, ಇನ್ನೊಂದು ಜೊತೆ ಚೀಲಕ್ಕೆ ಹಾಕಿ ಕಳಿಸುತ್ತೇನೆ. ದುಡ್ಡು ಮಾಡಲು ಹೇಳ್ತಾನೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಬಳಸದಿದ್ದರೆ ವಾಪಸ್ ತಂದುಕೊಡಿ, ದುಡ್ಡು ಕೊಡುತ್ತೇನೆ.

ಮುಂದಿನ ಬ್ರೇಕ್ ಒತ್ತಿದರೆ ಮಗುಚಿ ಬೀಳುತ್ತೇವೆ ಅಂತ ಹಿಂದಿನದನ್ನೇ ಒತ್ತುವವರೂ ಇದ್ದಾರೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ಹಗುರಾಗಿ ಬೇಗ ಜಾರುತ್ತದೆ. ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನದ್ದೇ. ನೇರ ರಸ್ತೆಯಲ್ಲಿ, ಮೈ ಸ್ವಲ್ಪ ಹಿಂದಕ್ಕೆ ತೆಗೆದುಕೊಂಡು, ಎರಡನ್ನೂ ಒಟ್ಟಿಗೆ ಒತ್ತಿ. ತಿರುವಿನೊಳಗೆ, ಒದ್ದೆ ಎಲೆ ಅಥವಾ ಪಾಚಿ ಇದ್ದಲ್ಲಿ ಮಾತ್ರ ಮುಂದಿನದಕ್ಕೆ ಕೈ ಹಾಕಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ಆದರೆ ಸೈಕಲ್ ಹೊಸದಾದರೆ ಅಂಗಳದಲ್ಲೇ ಒಮ್ಮೆ ಒತ್ತಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಕೈ ಬೆಚ್ಚಗಿರಲಿ. ಶೃಂಗೇರಿಯಿಂದ ಆಗುಂಬೆಗೆ ಬರುವಾಗ ಏರಿಳಿತಕ್ಕೆ ಬೆವರಿರುತ್ತೀರಿ. ಸೂರ್ಯಾಸ್ತ ನೋಡುವ ಜಾಗದಲ್ಲಿ ಫೋಟೊ ತೆಗೆಯುತ್ತಾ ನಿಂತರೆ ಬೆವರು ತಣ್ಣಗಾಗುತ್ತದೆ. ಇಳಿಯಲು ಶುರುಮಾಡಿದ ಐದು ನಿಮಿಷಕ್ಕೆ ಬೆರಳು ಜೋಮು ಹಿಡಿಯುತ್ತದೆ. ಜೋಮು ಹಿಡಿದ ಬೆರಳು ಲಿವರ್ ಸರಿಯಾಗಿ ಒತ್ತುವುದಿಲ್ಲ. ಪೂರ್ತಿ ಬೆರಳಿನ ಗ್ಲೌಸ್ ಮತ್ತು ಗಾಳಿ ತಡೆಯುವ ತೆಳ್ಳನೆಯ ಜಾಕೆಟ್ ಸಾಕು. ಜಾಕೆಟ್ ಇಲ್ಲವಾ? ಪೇಪರ್ ಕೊಂಡು ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳಿ. ಹಳೆಯ ಸೈಕಲ್ ಸವಾರರು ಮಾಡುತ್ತಿದ್ದದ್ದು ಅದನ್ನೇ.

ಮಧ್ಯಾಹ್ನದ ಮೇಲಿನದ್ದು ಹೆಚ್ಚು ಹೇಳುವುದಿಲ್ಲ. ಕಾರ್ಕಳದ ಸೆಖೆಗೆ ನೀರು ಜಾಸ್ತಿ ಕುಡಿಯಿರಿ. ಮಾಳದಿಂದ ಮೇಲೆ ಕುದುರೆಮುಖದ ಕಾಡು. ಗೇಟಿನಲ್ಲಿ ಕೇಳಿಯೇ ಮುಂದೆ ಹೋಗಿ, ಬೆಳಕಿರುವಾಗಲೇ ಕೆರೆಕಟ್ಟೆ ದಾಟುವ ಹಾಗೆ ಹೊರಡಿ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಹೊತ್ತು ಮೀರಿದರೆ ಬಜಗೋಳಿಯಲ್ಲೇ ನಿಂತುಬಿಡಿ. ಮನೆಯವರಿಗೆ ಒಂದು ಫೋನ್ ಮಾಡಿ.

ನನ್ನ ಅಂಗಡಿಗೆ ಬರುವ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಸರಳು ಬ್ರೇಕಿನ ಹಳೆಯ ಹರ್ಕ್ಯುಲಿಸ್, ಸ್ಟೀಲ್ ರಿಮ್. ಒದ್ದೆಯಾದರೆ ಆ ಸ್ಟೀಲ್ ಮೇಲೆ ರಬ್ಬರ್ ಹಿಡಿಯುವುದೇ ಇಲ್ಲ. ಅದು ಅವರಿಗೆ ನಲವತ್ತು ವರ್ಷದಿಂದ ಗೊತ್ತು. ಹೋದ ವರ್ಷ ಅದರಲ್ಲೇ ಆಗುಂಬೆಗೆ ಹೊರಟರು. ಬೇಡ ಅಂದೆ, ಕೇಳಲಿಲ್ಲ. ಬ್ರೇಕಿನ ರಬ್ಬರ್ ನಾಲ್ಕೂ ಹೊಸದು ಹಾಕಿ ಕಳಿಸಿದೆ. ಸಂಜೆ ಹೆಬ್ರಿಯಿಂದ ಫೋನ್ ಬಂತು. ಮೇಲೆ ಹೋದಾಗ ಮಂಜು ಕವಿದಿತ್ತಂತೆ. ಇವರು ಸೈಕಲ್ ಇಳಿದು ಹ್ಯಾಂಡಲ್ ಹಿಡಿದುಕೊಂಡು 14 ತಿರುವನ್ನೂ ನಡೆದೇ ಇಳಿದರಂತೆ. ಎರಡು ಗಂಟೆಯ ಮೇಲೆ ಹಿಡಿಯಿತಂತೆ. "ಗೋಳಿಬಜೆ ತಿಂತಾ ಇದೀನಿ ಕಣಯ್ಯಾ" ಅಂದರು. "ಇಷ್ಟು ವರ್ಷ ಬಸ್ಸಲ್ಲಿ ಹೋಗುವಾಗ ಆ ಝರಿಗಳ ಸದ್ದು ಕೇಳಿಸಿರಲೇ ಇಲ್ಲ."