ಡಾಲ್ಡಾ ಗೊತ್ತಿಲ್ಲದವನು ದಡ್ಡನೇ?

‘ಬುದ್ಧಿ ರಕ್ತದಲ್ಲೇ ಬರಬೇಕು’ ಎಂಬ ಮಾತು ನಮ್ಮಲ್ಲಿ ಮದುವೆಯ ಮಾತುಕತೆಯಿಂದ ಹಿಡಿದು ಸಿಇಟಿ ಫಲಿತಾಂಶದ ದಿನದವರೆಗೂ ಕೇಳಿಸುತ್ತದೆ. ಕೇಳಿದಾಗಲೆಲ್ಲ ನನಗೆ 1924ರ ಅಮೆರಿಕದ ವಲಸೆ ಕಾನೂನು ನೆನಪಾಗುತ್ತದೆ. ಇದೇ ಮಾತು ವಿಜ್ಞಾನದ ವೇಷ ತೊಟ್ಟು ಒಂದು ದೇಶದ ಬಾಗಿಲಲ್ಲಿ ನಿಂತ ಕಥೆ ಅದು.

ಮೊದಲ ಮಹಾಯುದ್ಧದ ವೇಳೆ ಅಮೆರಿಕದ ಸೇನೆ ಮನಶ್ಶಾಸ್ತ್ರಜ್ಞ ರಾಬರ್ಟ್ ಯೆರ್ಕಿಸ್ ಅವರ ಮುಂದಾಳತ್ವದಲ್ಲಿ 17 ಲಕ್ಷಕ್ಕೂ ಹೆಚ್ಚು ಜನರಿಗೆ ಬುದ್ಧಿಮತ್ತೆಯ ಪರೀಕ್ಷೆ ನಡೆಸಿತು. ಇಂಗ್ಲಿಷ್ ಓದಬಲ್ಲವರಿಗೆ ‘ಆಲ್ಫಾ’, ಓದಲಾರದವರಿಗೆ ಚಿತ್ರಗಳ ‘ಬೀಟಾ’. ಆಲ್ಫಾದಲ್ಲಿ ಒಂದು ಪ್ರಶ್ನೆ: ಕ್ರಿಸ್ಕೊ ಎಂದರೆ ಔಷಧಿಯೋ, ಕ್ರಿಮಿನಾಶಕವೋ, ಟೂತ್‌ಪೇಸ್ಟೋ, ಆಹಾರವೋ? ಕ್ರಿಸ್ಕೊ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತಿದ್ದ ವನಸ್ಪತಿ, ನಮ್ಮ ಡಾಲ್ಡಾದಂತೆ. ನಿನ್ನೆ ಮೊನ್ನೆ ಸಿಸಿಲಿಯಿಂದ ಹಡಗು ಹತ್ತಿ ಬಂದ ರೈತನಿಗೆ ಅದು ಹೇಗೆ ಗೊತ್ತಿರಬೇಕು? ಬೀಟಾದಲ್ಲಿ ಬಲೆಯಿಲ್ಲದ ಟೆನಿಸ್ ಅಂಗಳವನ್ನೂ ಕೊಳವೆಯಿಲ್ಲದ ಗ್ರಾಮೊಫೋನನ್ನೂ ತೋರಿಸಿ, ಇಲ್ಲದ್ದನ್ನು ಬರೆದು ತುಂಬಿಸು ಎನ್ನುತ್ತಿದ್ದರು. ಗೂಟವಿಲ್ಲದ ಬೀಸುವ ಕಲ್ಲಿನ ಚಿತ್ರವನ್ನು ನ್ಯೂಯಾರ್ಕಿನವನ ಮುಂದಿಟ್ಟಿದ್ದರೆ ಅವನೂ ಪೆನ್ಸಿಲ್ ಕಚ್ಚುತ್ತ ಕೂರುತ್ತಿದ್ದ.

ಪ್ರಿನ್ಸ್‌ಟನ್‌ನ ಕಾರ್ಲ್ ಬ್ರಿಗಮ್ ಈ ಅಂಕಗಳನ್ನು ವಿಶ್ಲೇಷಿಸಿ 1923ರಲ್ಲಿ ಪುಸ್ತಕ ಬರೆದರು. ವಲಸಿಗರು ಅಮೆರಿಕದಲ್ಲಿ ಎಷ್ಟು ವರ್ಷ ಕಳೆದಿದ್ದಾರೆ ಎಂದು ಗುಂಪು ಮಾಡಿ ನೋಡಿದಾಗ ಅವರಿಗೆ ಒಂದು ವಿಷಯ ಎದ್ದು ಕಂಡಿತು. ಐದು ವರ್ಷದೊಳಗೆ ಬಂದವರಿಗೆ ಎಲ್ಲರಿಗಿಂತ ಕಡಿಮೆ ಅಂಕ. ವರ್ಷ ಹೆಚ್ಚಿದಂತೆ ಅಂಕವೂ ಹೆಚ್ಚು. ಇಪ್ಪತ್ತು ವರ್ಷ ದಾಟಿದವರು ಅಲ್ಲೇ ಹುಟ್ಟಿದ ಬಿಳಿಯರಿಗೆ ಸಮ. ಅಲ್ಲಿದ್ದು ಭಾಷೆಯನ್ನೂ ರೀತಿನೀತಿಯನ್ನೂ ಕಲಿತದ್ದರ ಫಲ ಇದು ಎಂದು ಯಾರಿಗಾದರೂ ಹೊಳೆಯಬೇಕು. ಬ್ರಿಗಮ್‌ ಅವರಿಗೂ ಹೊಳೆದಿತ್ತು. ಆದರೆ ಪರೀಕ್ಷೆ ಅಳೆಯುವುದು ಹುಟ್ಟುಬುದ್ಧಿಯನ್ನೇ ಎಂದು ಅವರು ಮೊದಲೇ ನಂಬಿಬಿಟ್ಟಿದ್ದರು. ಹಾಗಾಗಿ, ಮೊದಲು ಬಂದವರು ಉತ್ತರ ಯೂರೋಪಿನ ‘ನಾರ್ಡಿಕ್’ ತಳಿಯವರು, ಈಚೆಗೆ ಬರುತ್ತಿರುವ ದಕ್ಷಿಣ ಮತ್ತು ಪೂರ್ವ ಯೂರೋಪಿನವರು ಕೀಳು ತಳಿಯವರು ಎಂದು ತೀರ್ಮಾನಿಸಿದರು.

ಈ ತಪ್ಪನ್ನು ಬಿಡಿಸಿ ನೋಡುವುದೆಂದರೆ ನನಗೆ ಎಲ್ಲಿಲ್ಲದ ಆಸಕ್ತಿ. ಹೊಸ ಕಬ್ಬಿಣದ ಕಾವಲಿಯ ಮೇಲೆ ದೋಸೆ ಏಳುವುದಿಲ್ಲ. ದಿನವೂ ಎಣ್ಣೆ ಕುಡಿದು ಪಳಗಿದ ಕಾವಲಿಯಲ್ಲಿ ಸಲೀಸಾಗಿ ಏಳುತ್ತದೆ. ಎರಡನ್ನೂ ಒಂದೇ ಬೆಳಗ್ಗೆ ಒಲೆಗಿಟ್ಟು ‘ಹಿಂದಿನ ಕಾಲದ ಕಬ್ಬಿಣವೇ ಕಬ್ಬಿಣ’ ಎಂದರೆ? ಇಪ್ಪತ್ತು ವರ್ಷದ ತೆಂಗನ್ನೂ ಮೂರು ವರ್ಷದ ಸಸಿಯನ್ನೂ ಒಂದೇ ದಿನ ಅಳೆದು, ಬೀಜದ ಗುಣ ವರ್ಷವರ್ಷಕ್ಕೆ ಕೆಡುತ್ತಿದೆ ಎಂದರೆ? ಒಂದೇ ಸಲ ಅಳೆದಾಗ ‘ಯಾವಾಗ ಬಂದರು’ ಮತ್ತು ‘ಎಷ್ಟು ಕಾಲ ಇದ್ದರು’ ಎಂಬ ಎರಡು ಸಂಗತಿಗಳು ಹಾಲು ನೀರಿನಂತೆ ಬೆರೆತಿರುತ್ತವೆ. ಹತ್ತು ವರ್ಷದ ಹಿಂದೆ ಬಂದವನು ಹತ್ತು ವರ್ಷ ಇದ್ದವನೂ ಹೌದು. ಬೇರ್ಪಡಿಸಬೇಕಾದರೆ ಅದೇ ಸಸಿಯನ್ನು ಮತ್ತೆ ಹತ್ತು ವರ್ಷ ಬಿಟ್ಟು ಅಳೆಯಬೇಕು. ಸೇನೆಯ ಅಂಕಿಗಳಲ್ಲಿ ಅಂಥ ಎರಡನೆಯ ಅಳತೆ ಇರಲಿಲ್ಲ.

ಇದಕ್ಕೂ ಮೊದಲೇ, ಸರ್ಕಾರದ ಕೈಯಲ್ಲೇ ಬೇರೊಂದು ಸಾಕ್ಷ್ಯವಿತ್ತು. ವಲಸೆಯ ಬಗ್ಗೆ 41 ಸಂಪುಟಗಳ ವರದಿ ಕೊಟ್ಟ ಡಿಲಿಂಗ್‌ಹ್ಯಾಮ್ ಆಯೋಗಕ್ಕಾಗಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ನ್ಯೂಯಾರ್ಕಿನಲ್ಲಿ ಸುಮಾರು 18 ಸಾವಿರ ವಲಸಿಗರ ಮತ್ತು ಅವರ ಮಕ್ಕಳ ತಲೆ ಅಳೆದಿದ್ದರು. ತಲೆಯ ಆಕಾರವೇ ತಳಿಯ ಅಚ್ಚಳಿಯದ ಗುರುತು ಎಂದು ನಂಬಿದ್ದ ಕಾಲ ಅದು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ಹೊರಗೆ ಹುಟ್ಟಿದವರದಕ್ಕಿಂತ ಬೇರೆಯಾಗಿರುವುದನ್ನು ಅವರು ಕಂಡರು. ಮೂಳೆಯೇ ಬದಲಾಗಬಲ್ಲದಾದರೆ ಬುದ್ಧಿಯ ಅಂಕ ಯಾವ ಲೆಕ್ಕ? ಆಯೋಗ ಆ ಸಂಪುಟವನ್ನು ಅಚ್ಚು ಹಾಕಿಸಿತು, ವಲಸೆಗೆ ತಡೆ ಹಾಕಬೇಕೆಂದೇ ಶಿಫಾರಸು ಮಾಡಿತು.

ಪರೀಕ್ಷೆಯೊಂದರಿಂದಲೇ ಕಾನೂನು ಹುಟ್ಟಿತು ಎಂದರೆ ಅನ್ಯಾಯವಾದೀತು. ಅಗ್ಗದ ಕೂಲಿಯ ಬಗ್ಗೆ ಕಾರ್ಮಿಕ ಸಂಘಗಳಿಗೆ ಭಯವಿತ್ತು. ರಷ್ಯಾದ ಕ್ರಾಂತಿಯ ದಿಗಿಲಿತ್ತು. ಏಷ್ಯಾದವರ ಮೇಲಿನ ದ್ವೇಷ 1882ರ ಚೀನೀ ನಿಷೇಧ ಕಾಯ್ದೆಯಷ್ಟು ಹಳೆಯದು. ಆದರೆ ಸಂಸತ್ತಿನ ವಲಸೆ ಸಮಿತಿಯೇ ಹ್ಯಾರಿ ಲಾಫ್ಲಿನ್ ಎಂಬವರನ್ನು ಯುಜೆನಿಕ್ಸ್ ತಜ್ಞರನ್ನಾಗಿ ನೇಮಿಸಿಕೊಂಡಿತ್ತು. ಜಾನುವಾರುಗಳಂತೆ ಮನುಷ್ಯರಲ್ಲೂ ‘ಒಳ್ಳೆಯ ತಳಿ’ ಬೆಳೆಸಬೇಕೆಂಬ ವಾದ ಅದು. ಹೊಸ ವಲಸಿಗರಲ್ಲೇ ‘ಕೀಳು’ ಗುಣಗಳು ಹೆಚ್ಚು ಎಂಬ ಲಾಫ್ಲಿನ್ ಅವರ ಲೆಕ್ಕ ನಿಲ್ಲುವಂಥದ್ದಲ್ಲ ಎಂದು ಜೀವವಿಜ್ಞಾನಿ ಹರ್ಬರ್ಟ್ ಜೆನ್ನಿಂಗ್ಸ್ ತೋರಿಸಿಕೊಟ್ಟರೂ ಸಮಿತಿ ಕಿವಿಗೊಡಲಿಲ್ಲ.

1921ರ ಕಾನೂನು 1910ರ ಜನಗಣತಿಯನ್ನು ಆಧರಿಸಿ, ಪ್ರತಿ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದವರ ಸಂಖ್ಯೆಯ ಶೇ. 3ರಷ್ಟು ಮಂದಿಗೆ ವರ್ಷಕ್ಕೆ ಪ್ರವೇಶ ಕೊಟ್ಟಿತ್ತು. 1924ರ ಕಾನೂನು ಅದನ್ನು ಶೇ. 2ಕ್ಕೆ ಇಳಿಸಿದ್ದಲ್ಲದೆ, ಲೆಕ್ಕಕ್ಕೆ 1890ರ ಜನಗಣತಿಯನ್ನು ಹಿಡಿಯಿತು. ಇಟಲಿ, ಪೋಲೆಂಡ್, ರಷ್ಯಾದವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಇಟಲಿಯ ಪಾಲು 42,057ರಿಂದ 3,845ಕ್ಕೆ ಕುಸಿಯಿತು; ಜರ್ಮನಿಗೆ 51,227 ದಕ್ಕಿತು. ಭಾರತೀಯರಿಗೆ 1917ರ ಕಾನೂನೇ ಬಾಗಿಲು ಮುಚ್ಚಿತ್ತು. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರನ್ನು ‘ಬಿಳಿಯ’ ಎನ್ನಲಾಗದು, ಆದ್ದರಿಂದ ಪೌರತ್ವವಿಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ನೀಡಿತ್ತು.

1930ರಲ್ಲಿ ಬ್ರಿಗಮ್ ತಮ್ಮ ಅಧ್ಯಯನಕ್ಕೆ ಆಧಾರವೇ ಇಲ್ಲವೆಂದು ತಾವೇ ಬರೆದರು. ಹಾಗೆ ಒಪ್ಪಿಕೊಳ್ಳಲು ಎದೆಗಾರಿಕೆ ಬೇಕು, ಅದಕ್ಕಾಗಿ ನಾನು ಅವರನ್ನು ಗೌರವಿಸುತ್ತೇನೆ. ಕಾನೂನು ಮಾತ್ರ ಕದಲಲಿಲ್ಲ. 1939ರಲ್ಲಿ ಸೇಂಟ್ ಲೂಯಿಸ್ ಹಡಗಿನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದ 900ಕ್ಕೂ ಹೆಚ್ಚು ಯೆಹೂದಿಗಳನ್ನು ಫ್ಲಾರಿಡಾದ ಕರಾವಳಿಯಿಂದ ಯೂರೋಪಿಗೆ ಮರಳಿ ಕಳಿಸಿದಾಗಲೂ ಅದೇ ಕಾನೂನಿನ ಪಾಲಿನ ಪದ್ಧತಿ ಜಾರಿಯಲ್ಲಿತ್ತು. ಅವರಲ್ಲಿ 254 ಮಂದಿ ಹತ್ಯಾಕಾಂಡದಲ್ಲಿ ಸತ್ತರು. 1946ರಲ್ಲಿ ಭಾರತಕ್ಕೆ ವರ್ಷಕ್ಕೆ 100 ಮಂದಿಯ ಪಾಲು ಸಿಕ್ಕಿತು. ಮೂಲದೇಶದ ಲೆಕ್ಕವನ್ನು ತೆಗೆದುಹಾಕುವ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್ 3ರಂದು. ಕರ್ನಾಟಕದ ವೈದ್ಯರೂ ಎಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ಮನೆ ಮಾಡತೊಡಗಿದ್ದು ಅದರ ನಂತರ.