ಪದ ಪರಿಚಯ: ಜರ್ಮ್‌ಲೈನ್ ತಿದ್ದುಪಡಿ

ಜೀನ್ ತಿದ್ದುವುದರಲ್ಲಿ ಎರಡು ಬಗೆ. ರಕ್ತ, ಯಕೃತ್ತು, ಕಣ್ಣಿನಂಥ ಅಂಗಗಳ ಕೋಶಗಳಲ್ಲಿ ಮಾಡಿದ ಬದಲಾವಣೆ ಆ ರೋಗಿಯ ಜೊತೆಗೇ ಮುಗಿಯುತ್ತದೆ. ಅಂಡಾಣು, ವೀರ್ಯಾಣು ಅಥವಾ ಆಗತಾನೇ ಕಟ್ಟಿದ ಭ್ರೂಣದಲ್ಲಿ ಮಾಡಿದ್ದು ಹುಟ್ಟುವ ಮಗುವಿನ ಮೈಯೆಲ್ಲ ಹರಡಿ, ಅದರ ಮಕ್ಕಳು ಮೊಮ್ಮಕ್ಕಳಿಗೂ ಇಳಿಯಬಲ್ಲದು. ಈ ಎರಡನೆಯದೇ ಜರ್ಮ್‌ಲೈನ್ ತಿದ್ದುಪಡಿ. ಪತ್ರಿಕೆಗಳಲ್ಲಿ ಎರಡನ್ನೂ ‘ಜೀನ್ ಚಿಕಿತ್ಸೆ’ ಎಂದು ಒಂದೇ ಗಂಟಿಗೆ ಕಟ್ಟುವುದರಿಂದ ಗೊಂದಲ ಹೆಚ್ಚಿದೆ.

ಮೊದಲ ಬಗೆಗೆ ಕ್ಯಾಸ್ಗೆವಿ ಎಂಬ ಚಿಕಿತ್ಸೆ ಒಳ್ಳೆಯ ಉದಾಹರಣೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಗೆ 2023ರಲ್ಲಿ ಮೊದಲು ಬ್ರಿಟನ್, ಆಮೇಲೆ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ರೋಗಿಯದೇ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ತಿದ್ದಿ, ಪರೀಕ್ಷಿಸಿ, ಕೀಮೋಥೆರಪಿಯಿಂದ ಮಜ್ಜೆಯಲ್ಲಿ ಜಾಗ ಮಾಡಿ, ವಾಪಸ್ ಏರಿಸುತ್ತಾರೆ. ಆ ‘ಪರೀಕ್ಷಿಸಿ’ ಎಂಬುದನ್ನು ನೆನಪಿಡಿ. ಲಕ್ಷಾಂತರ ಕೋಶಗಳಲ್ಲಿ ಕೆಲವನ್ನು ನೋಡಿ ಕೆಟ್ಟಿದ್ದರೆ ಇಡೀ ಕಂತನ್ನೇ ಬಿಸಾಡಬಹುದು.

ಭ್ರೂಣದಲ್ಲಿ ಈ ಅನುಕೂಲವಿಲ್ಲ. ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಲ್ಲಿ ಸುಮಾರು 20 ಅಕ್ಷರದ (ಎಳೆಯ ಒಂದೊಂದು ರಾಸಾಯನಿಕ ಕೊಂಡಿಯೇ ಒಂದು ಅಕ್ಷರ) ಆರ್‌ಎನ್‌ಎ ದಾರಿ ತೋರಿಸುತ್ತದೆ, ಕ್ಯಾಸ್9 ಎಂಬ ಪ್ರೋಟೀನು ಆ ಜಾಗದಲ್ಲಿ ಡಿಎನ್‌ಎಯ ಎರಡೂ ಎಳೆ ಕತ್ತರಿಸುತ್ತದೆ. ಅಲ್ಲಿಗೆ ಕತ್ತರಿಯ ಕೆಲಸ ಮುಗಿಯಿತು. ಹೊಲಿಯುವುದು ಕೋಶದ ಪಾಲು. ಹೊಲಿಯುವ ಅವಸರದಲ್ಲಿ ಒಂದೆರಡು ಅಕ್ಷರ ಬಿಟ್ಟುಹೋಗಬಹುದು, ಹೆಚ್ಚಾಗಿ ಸೇರಬಹುದು. ಮಾನವ ಭ್ರೂಣಗಳಲ್ಲಿ ಕ್ರೋಮೋಸೋಮಿನ ದೊಡ್ಡ ತುಂಡೇ ಕಳೆದುಹೋದದ್ದೂ ಕಂಡಿದೆ. ಒಂದು ಕೋಶ ಎರಡಾದ ಮೇಲೂ ಕ್ಯಾಸ್9 ಕತ್ತರಿಸುತ್ತಲೇ ಇದ್ದರೆ ಒಂದೊಂದು ಕೋಶಕ್ಕೂ ಒಂದೊಂದು ಬಗೆಯ ತಿದ್ದುಪಡಿ. ಇದನ್ನು ಮೊಸಾಯಿಸಿಸಂ ಎನ್ನುತ್ತಾರೆ.

ನೋಡಿ ತಿಳಿಯೋಣವೆಂದರೆ ಐದನೇ ದಿನದ ಹೊತ್ತಿಗೆ ಭ್ರೂಣದಿಂದ ತೆಗೆಯಬಹುದಾದದ್ದು ಕೆಲವೇ ಕೋಶ, ಅದೂ ಮುಂದೆ ಮಾಸು ಆಗುವ ಹೊರಪದರದಿಂದ. ಮಗುವಾಗುವ ಒಳಗಿನ ಕೋಶಗಳು ಹೇಗಿವೆ ಎಂದು ಅದರಿಂದ ಖಚಿತವಾಗಿ ಹೇಳಲಾಗದು. ಎಲ್ಲವನ್ನೂ ಪರೀಕ್ಷಿಸಿದರೆ ಭ್ರೂಣವೇ ಉಳಿಯುವುದಿಲ್ಲ.

2018ರ ನವೆಂಬರ್‌ನಲ್ಲಿ ಬಯಲಾದ ಚೀನಾದ ಷೆನ್‌ಝೆನ್ ಪ್ರಕರಣದಲ್ಲಿ ಆದದ್ದು ಇದೇ. ಹ ಜಿಯಾನ್‌ಕ್ವೈ ಎಂಬ ವಿಜ್ಞಾನಿ ಎಚ್‌ಐವಿ ಕೋಶದೊಳಗೆ ನುಗ್ಗಲು ಬಳಸುವ ಬಾಗಿಲಾದ ಸಿಸಿಆರ್5 ಜೀನನ್ನು ಕೆಡಿಸಹೊರಟರು. ಕೆಲವರಲ್ಲಿ ಹುಟ್ಟಿನಿಂದಲೇ ಈ ಜೀನಿನಲ್ಲಿ 32 ಅಕ್ಷರ ಇರುವುದಿಲ್ಲ, ಅನುಕರಿಸಬೇಕಿದ್ದದ್ದು ಅದನ್ನು. ಹುಟ್ಟಿದ ಅವಳಿಗಳಲ್ಲಿ ಒಬ್ಬಳಲ್ಲಿ ಒಂದು ಪ್ರತಿಯಿಂದ 15 ಅಕ್ಷರ ಹೋಗಿತ್ತು, ಇನ್ನೊಂದು ಪ್ರತಿ ಹಾಗೇ ಇತ್ತು. ಮತ್ತೊಬ್ಬಳಲ್ಲಿ ಒಂದು ಪ್ರತಿಗೆ 1 ಅಕ್ಷರ ಸೇರಿತ್ತು, ಇನ್ನೊಂದರಿಂದ 4 ಬಿಟ್ಟುಹೋಗಿತ್ತು. 32ರ ಗುರಿ ಎಲ್ಲೂ ಮುಟ್ಟಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ಇದು ಬೇಕಾಗಿಯೇ ಇರಲಿಲ್ಲ. ತಂದೆಗೆ ಎಚ್‌ಐವಿ ಇದ್ದರೂ ವೀರ್ಯ ತೊಳೆದು ಬಳಸಿದರೆ ಮಗುವಿಗೆ ಸೋಂಕು ತಗಲದಂತೆ ನೋಡಿಕೊಳ್ಳುವುದು ಹಳೆಯ ವಿದ್ಯೆ. ಸಿಸಿಆರ್5 ಇಲ್ಲದವರಿಗೆ ವೆಸ್ಟ್ ನೈಲ್ ವೈರಸ್ ಜೋರಾಗಿ ಕಾಡುತ್ತದೆ ಎಂಬುದೂ ಆಗಲೇ ಗೊತ್ತಿತ್ತು. ದಂಪತಿಗಳಿಂದ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದಲ್ಲಿ ಇದನ್ನು ಏಡ್ಸ್ ಲಸಿಕೆಯ ಯೋಜನೆ ಎಂದು ಬರೆಯಲಾಗಿತ್ತು! 2019ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆ ವಿಜ್ಞಾನಿಗೆ ಮೂರು ವರ್ಷ ಜೈಲು, 30 ಲಕ್ಷ ಯುವಾನ್ ದಂಡ ವಿಧಿಸಿತು.

ಈ ವಿಷಯ ಎತ್ತಿದರೆ ಮಾತು ತಕ್ಷಣ ‘ಡಿಸೈನರ್ ಬೇಬಿ’, ಅಂದರೆ ಬೇಕಾದ ಎತ್ತರ, ಬುದ್ಧಿ ಆರಿಸಿ ಮಾಡಿಸಿದ ಮಗುವಿನ ಕಡೆ ಹೊರಳುತ್ತದೆ. ಎತ್ತರವೊಂದಕ್ಕೇ ಸಾವಿರಾರು ಕಡೆಯ ಸಣ್ಣ ಸಣ್ಣ ವ್ಯತ್ಯಾಸಗಳು ಕಾರಣ. ಬುದ್ಧಿಯ ಮಾತು ಬಿಡಿ. ಸದ್ಯಕ್ಕೆ ಆ ಭಯ ದೂರದ್ದು. ಹತ್ತಿರದ ಪ್ರಶ್ನೆ ಬೇರೆ: ರೋಗಿ ಯಾರು?

ತಂದೆ ತಾಯಿ ಇಬ್ಬರಲ್ಲೂ ಸಿಕಲ್ ಸೆಲ್ ಜೀನಿನ ತಲಾ ಒಂದೊಂದು ಪ್ರತಿಯಿದ್ದರೆ ಪ್ರತಿ ಭ್ರೂಣಕ್ಕೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಐವಿಎಫ್‌ನಲ್ಲಿ ಲ್ಯಾಬಿನಲ್ಲಿ ಕಟ್ಟಿಸಿದ ನಾಲ್ಕಾರು ಭ್ರೂಣ ಪರೀಕ್ಷಿಸಿ ಕಾಯಿಲೆಯಿಲ್ಲದ್ದನ್ನು ಆರಿಸಬಹುದು, ಯಾವುದನ್ನೂ ತಿದ್ದಬೇಕಿಲ್ಲ. ಆರಿಸಲು ಒಂದೂ ಸಿಗದ ಸಂದರ್ಭ, ಅಂದರೆ ಇಬ್ಬರೂ ಸ್ವತಃ ರೋಗಿಗಳಾಗಿರುವುದು, ಅಪರೂಪ. ಆಗಲೂ ದಾನಿಯ ಅಂಡಾಣು ಅಥವಾ ವೀರ್ಯದ ದಾರಿ ಇದೆ. ಹಾಗಾಗಿ ಭ್ರೂಣ ತಿದ್ದುವುದರಿಂದ ಈಡೇರುವುದು ಬಹುಮಟ್ಟಿಗೆ ತಮ್ಮದೇ ರಕ್ತದ ಮಗು ಬೇಕೆಂಬ ಆಸೆ. ಆಸೆ ತಪ್ಪಲ್ಲ, ಆದರೆ ಅಪಾಯ ಹೊರುವವರು ಒಪ್ಪಿಗೆ ಕೊಡಲು ಇನ್ನೂ ಹುಟ್ಟಿಲ್ಲ.

ಭಾರತದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಗಳ ಪ್ರಕಾರ ತಿದ್ದಿದ ಭ್ರೂಣವನ್ನು ಗರ್ಭಕ್ಕೆ ಸೇರಿಸುವಂತಿಲ್ಲ. ಲ್ಯಾಬಿನಲ್ಲಿ ಸಂಶೋಧನೆಗೆ ಬೆಳೆಸಿದರೂ 14 ದಿನ ದಾಟುವಂತಿಲ್ಲ.